ಹೆಸರಾಗದ ಸೀಮೆಗಳ ಅಗ್ಗದ ಕೆಂಪು ವೈನ್: ರುಚಿ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆಸರಾಗದ ಸೀಮೆಯ ವೈನ್ ಅಗ್ಗ ಯಾಕೆ? ಗುಣ ಕಡಿಮೆ ಅಂತಲೇ?

ಗುಣಕ್ಕಿಂತ ಹೆಚ್ಚಾಗಿ ನೆಲ, ಹೆಸರು, ಪೀಪಾಯಿ ಈ ಮೂರು ಬೆಲೆಯನ್ನು ಏರಿಸುತ್ತವೆ. ಫ್ರಾನ್ಸಿನ ಬೋರ್ಡೊ, ಬರ್ಗಂಡಿಯ ಹೆಸರುವಾಸಿ ಹಳ್ಳಿಗಳಲ್ಲಿ ತೋಟ ಕೊಂಡವರು ನೆಲಕ್ಕೆ ಸುರಿದ ದುಡ್ಡನ್ನು ಬಾಟಲಿಯಿಂದಲೇ ಎತ್ತಬೇಕು. ಸ್ಪೇನಿನ ಹುಮಿಯಾದಲ್ಲೋ ರೊಮೇನಿಯದ ದೆಯಾಲು ಮಾರೆಯಲ್ಲೋ ಆ ಹೊರೆ ಅಷ್ಟಿಲ್ಲ. ಪೀಪಾಯಿಯ ಲೆಕ್ಕವೂ ಹಾಗೆಯೇ. 225 ಲೀಟರಿನ ಒಂದು ಓಕ್ ಪೀಪಾಯಿಯಿಂದ ಸಿಗುವುದು 300 ಬಾಟಲಿ. ಹೊಸ ಪೀಪಾಯಿ ದುಬಾರಿ, ಅದರ ಖರ್ಚನ್ನು ಆ ಮುನ್ನೂರೇ ಬಾಟಲಿ ಹೊರಬೇಕು. ಅಗ್ಗದ ವೈನ್ ಬಹುಪಾಲು ಉಕ್ಕಿನ ಅಥವಾ ಸಿಮೆಂಟಿನ ತೊಟ್ಟಿಯಲ್ಲೇ ಆಗುತ್ತದೆ. ಹಣ್ಣಿನ ರುಚಿ ನೇರವಾಗಿ ಬರಬೇಕಾದ ವೈನಿಗೆ ಅದೇ ಒಳ್ಳೆಯದು.

ಒಂದು ಎಚ್ಚರಿಕೆ ಮಾತ್ರ ಇದೆ. ಗಾಜು, ಕಾರ್ಕು, ಲೇಬಲ್, ಸಾಗಣೆಯ ಖರ್ಚು ಎಲ್ಲ ಬಾಟಲಿಗೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ ಬಾಟಲಿ ಕೊಂಡರೆ ಅದರಲ್ಲಿ ವೈನಿಗೆಂದು ಕೊಟ್ಟ ದುಡ್ಡು ತೀರಾ ಸ್ವಲ್ಪ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ತೆಗೆದುಕೊಂಡರೆ ಹೆಚ್ಚಿಗೆ ಕೊಟ್ಟದ್ದರಲ್ಲಿ ಬಹುಪಾಲು ವೈನಿಗೇ ಹೋಗುತ್ತದೆ. ಅಗ್ಗದ ವೈನ್ ಕೊಳ್ಳುವವರಿಗೆ ಆ ಎರಡನೇ ಮೆಟ್ಟಿಲೇ ಸರಿಯಾದ ಜಾಗ.

ಯಾವ ಸೀಮೆಯಿಂದ ಶುರು ಮಾಡಬೇಕು?

ನಿಮಗೆ ಈಗಾಗಲೇ ಏನು ಹಿಡಿಸುತ್ತದೆ ಎಂಬುದರಿಂದ ಶುರು ಮಾಡಿ. ಕೆಳಗೆ ಸೀಮೆಯ ಹೆಸರಿನ ಜೊತೆ ಬರುವುದು ಅಲ್ಲಿಯ ದ್ರಾಕ್ಷಿಯ ಹೆಸರು.

ಹಗುರವಾದ, ಹುಳಿ ಮುಂದಿರುವ, ಕೆಂಪು ಹಣ್ಣಿನ ಪರಿಮಳದ ವೈನ್ ಇಷ್ಟವಿದ್ದರೆ ವಾಯವ್ಯ ಸ್ಪೇನಿನ ಬಿಯೆರ್ಸೊದ ಮೆನ್ಸಿಯಾ, ಸಿಸಿಲಿಯ ಫ್ರಪ್ಪಾಟೊ, ಆಸ್ಟ್ರಿಯದ ತ್ಸ್ವೈಗೆಲ್ಟ್ ನೋಡಿ. ಚಿಲಿಯ ದಕ್ಷಿಣದ ಇತಾತಾ ಮತ್ತು ಮೌಲೆ ಕಣಿವೆಗಳ ಪಾಯಿಸ್ ಕೂಡ ಇದೇ ಸಾಲಿನದು. ಆದರೆ ಅದರಲ್ಲಿ ಸ್ವಲ್ಪ ಒರಟು ಒಗರು ಇರುತ್ತದೆ, ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ.

ದಪ್ಪನೆಯ, ಬಿಸಿಲು ಕುಡಿದ ಹಣ್ಣಿನ ವೈನ್ ಬೇಕೆಂದರೆ ಸ್ಪೇನಿನ ಹುಮಿಯಾ, ಯೆಕ್ಲಾಗಳ ಮೊನಾಸ್ಟ್ರೆಲ್, ಕಲಾತಾಯುದ್ ಮತ್ತು ಕಾಂಪೊ ದೆ ಬೊರ್ಹಾದ ಗಾರ್ನಾಚಾ, ಇಟಲಿಯ ಪುಲಿಯಾದ ಪ್ರಿಮಿಟಿವೊ, ಪೋರ್ಚುಗಲ್‌ನ ಅಲೆಂತೆಜೊ ಸೀಮೆಯ ಮಿಶ್ರಣಗಳು ಇವೆ. ಇವುಗಳಲ್ಲಿ ಆಲ್ಕೋಹಾಲ್ 14ರಿಂದ 15 ಪ್ರತಿಶತ ಮುಟ್ಟುವುದು ಮಾಮೂಲು. ಬೆಚ್ಚಗೆ ಕುಡಿದರೆ ಗಂಟಲು ಸುಡುತ್ತದೆ.

ಒಗರು ಗಟ್ಟಿಯಾಗಿರಬೇಕು, ಬಾಯಿ ಹಿಡಿಯಬೇಕು ಎನ್ನುವವರಿಗೆ ಫ್ರಾನ್ಸಿನ ನೈಋತ್ಯದ ಮಾದಿರಾಂ ಸೀಮೆಯ ತನ್ನಾ, ಅಲ್ಲಿಂದ ವಲಸೆ ಹೋಗಿ ಉರುಗ್ವೆಯಲ್ಲಿ ನೆಲೆಯಾದ ಅದೇ ದ್ರಾಕ್ಷಿ, ಪೋರ್ಚುಗಲ್‌ನ ಬೈರ್ರಾಡದ ಬಾಗಾ, ಇಟಲಿಯ ದಕ್ಷಿಣದ ಅಲಿಯಾನಿಕೊ ಸಿಗುತ್ತವೆ. ಗ್ರೀಸಿನ ನಾಉಸಾದ ಕ್ಸಿನೊಮಾವ್ರೊ ಇವೆಲ್ಲಕ್ಕಿಂತ ಬೇರೆ. ಬಣ್ಣ ತೆಳು, ಹುಳಿ ಮತ್ತು ಒಗರು ಮಾತ್ರ ಜೋರು. ಆ ಹೆಸರಿನ ಅರ್ಥವೇ ‘ಹುಳಿ ಕಪ್ಪು’. ಹೆಸರಿನಲ್ಲೇ ಸ್ವಭಾವ ಹೇಳುವ ದ್ರಾಕ್ಷಿ ಇನ್ನೂ ಇವೆ. ಪೂರ್ವ ತುರ್ಕಿಯ ಬೋವಾಜ್‌ಕೆರೆ ಎಂದರೆ ಗಂಟಲು ಸುಡುವುದು. ಅದರ ಒರಟನ್ನು ತಗ್ಗಿಸಲು ಜೊತೆಗೆ ಬೆರೆಸುವ ಓಕುಜ್‌ಗೊಜು ಎಂದರೆ ಎತ್ತಿನ ಕಣ್ಣು, ಹಣ್ಣು ಅಷ್ಟು ದಪ್ಪ. ಜಾರ್ಜಿಯದ ಸಪೆರಾವಿ ಎಂದರೆ ಬಣ್ಣ. ಅದರ ತಿರುಳೂ ಕೆಂಪು, ಗ್ಲಾಸಿನ ಅಂಚಿಗೂ ಶಾಯಿಯಂತೆ ಅಂಟುತ್ತದೆ.

ಪೂರ್ವ ಯುರೋಪನ್ನು ಬಿಟ್ಟು ಅಗ್ಗದ ಕೆಂಪು ವೈನಿನ ಮಾತು ಮುಗಿಯುವುದಿಲ್ಲ. ಬಲ್ಗೇರಿಯದ ಮಾವ್ರುದ್, ರೊಮೇನಿಯದ ಫೆತಿಯಾಸ್ಕ ನೆಯಾಗ್ರ, ಮೊಲ್ಡೋವಾದ ರಾರ ನೆಯಾಗ್ರ, ಉತ್ತರ ಮ್ಯಾಸಿಡೋನಿಯದ ವ್ರಾನೆಟ್ಸ್, ಹಂಗೇರಿಯ ಸೆಕ್ಸಾರ್ಡ್ ಮತ್ತು ವಿಲ್ಲಾನಿ ಕಡೆಯ ಕೇಕ್‌ಫ್ರಾಂಕೊಷ್ ಇವುಗಳಲ್ಲಿ ಯಾವುದು ಸಿಕ್ಕರೂ ಕೊಳ್ಳಿ. ಅದೇ ಬೆಲೆಯ ಹೆಸರುವಾಸಿ ಸೀಮೆಯ ಬಾಟಲಿಗಿಂತ ಇವುಗಳಲ್ಲಿ ಮಾತಾಡಲು ವಿಷಯ ಹೆಚ್ಚು. ಜಾರ್ಜಿಯದ ವೈನ್ ಕೊಳ್ಳುವಾಗ ಮಾತ್ರ ಹೆಸರು ಸರಿಯಾಗಿ ನೋಡಿ. ಮುಕುಜಾನಿ, ಕಿಂಡ್ಜ್‌ಮರಾವುಲಿ ಎರಡೂ ಸಪೆರಾವಿಯೇ, ಎರಡೂ ಕಖೇತಿ ಸೀಮೆಯವೇ. ಆದರೆ ಮೊದಲನೆಯದು ಸಿಹಿಯಿಲ್ಲದ್ದು, ಎರಡನೆಯದು ಅರೆಸಿಹಿ.

ಒಂದೇ ದ್ರಾಕ್ಷಿಗೆ ಊರಿಗೊಂದು ಹೆಸರು. ನೆನಪಿಟ್ಟುಕೊಳ್ಳುವುದು ಹೇಗೆ?

ಎಲ್ಲ ಬೇಡ, ಐದಾರು ಸಾಕು. ಸ್ಪೇನಿನ ಗಾರ್ನಾಚಾ, ಫ್ರಾನ್ಸಿನ ಗ್ರೆನಾಶ್, ಸಾರ್ಡಿನಿಯದ ಕನ್ನೊನಾವ್ ಒಂದೇ. ಮೊನಾಸ್ಟ್ರೆಲ್ ಫ್ರಾನ್ಸಿನಲ್ಲಿ ಮೂರ್ವೆದ್ರ್. ಬಿಯೆರ್ಸೊದ ಮೆನ್ಸಿಯಾ ಪೋರ್ಚುಗಲ್‌ನ ಡಾವ್ ಸೀಮೆಯಲ್ಲಿ ಜಾಯೆಂ. ಸ್ಪೇನಿನ ಟೆಂಪ್ರಾನಿಯೊ ಡಾವ್‌ನಲ್ಲಿ ತಿಂತಾ ರೊರಿಸ್, ಅಲೆಂತೆಜೊದಲ್ಲಿ ಅರಗೊನೆಜ್. ಆಸ್ಟ್ರಿಯದ ಬ್ಲೌಫ್ರೆಂಕಿಶ್ ಹಂಗೇರಿಯಲ್ಲಿ ಕೇಕ್‌ಫ್ರಾಂಕೊಷ್. ಪ್ರಿಮಿಟಿವೊ, ಕ್ಯಾಲಿಫೋರ್ನಿಯದ ಜಿನ್‌ಫಾಂಡೆಲ್, ಕ್ರೊಯೇಷಿಯದ ತ್ರಿಬಿದ್ರಾಗ್ ಮೂರೂ ಒಂದೇ ಎಂಬುದನ್ನು ಡಿಎನ್‌ಎ ಪರೀಕ್ಷೆ ತೋರಿಸಿಕೊಟ್ಟಿತು. ಚಿಲಿಯಲ್ಲಿ ಬಹುಕಾಲ ಮೆರ್ಲೊ ಎಂದೇ ಬೆಳೆದು ಮಾರುತ್ತಿದ್ದ ಬಳ್ಳಿಗಳಲ್ಲಿ ಎಷ್ಟೋ ಕಾರ್ಮೆನೇರ್ ಎಂದು 1994ರಲ್ಲಿ ಗುರುತಿಸಿದವರು ಫ್ರಾನ್ಸಿನ ದ್ರಾಕ್ಷಿಬಳ್ಳಿ ತಜ್ಞ ಜಾನ್-ಮಿಶೆಲ್ ಬೂರ್ಸಿಕೊ. ಬಳ್ಳಿ ಬೆಳೆದವರೇ ಎಡವಿದ್ದಾರೆ ಎಂದಮೇಲೆ ಕುಡಿಯುವವರು ಎಡವಿದರೆ ನಾಚಿಕೆ ಪಡಬೇಕಿಲ್ಲ.

ಇದಕ್ಕೆ ವಿರುದ್ಧವಾದ ಗೊಂದಲವೂ ಒಂದಿದೆ. ಇಟಲಿಯ ಎರಡು ವೈನಿನ ಹೆಸರು ನೋಡಿ. ಮೊಂಟೆಪುಲ್ಚಾನೊ ದ’ಅಬ್ರುತ್ಸೊದಲ್ಲಿ ಮೊಂಟೆಪುಲ್ಚಾನೊ ಎಂಬುದು ದ್ರಾಕ್ಷಿಯ ಹೆಸರು. ವಿನೊ ನೊಬಿಲೆ ದಿ ಮೊಂಟೆಪುಲ್ಚಾನೊದಲ್ಲಿ ಅದು ಟಸ್ಕನಿಯ ಒಂದು ಊರು, ಅಲ್ಲಿ ಬಳಸುವ ಮುಖ್ಯ ದ್ರಾಕ್ಷಿ ಸಾಂಜೊವೆಸೆ. ಒಂದನ್ನು ಇನ್ನೊಂದರ ಅಗ್ಗದ ರೂಪ ಅಂದುಕೊಂಡು ಹೋಲಿಸಬೇಡಿ.

ಲೇಬಲ್‌ನಲ್ಲಿ ಯಾವುದನ್ನು ನಂಬಬಹುದು?

ಸೀಮೆಯ ಹೆಸರು, ಕೊಯ್ಲಿನ ವರ್ಷ, ಆಲ್ಕೋಹಾಲ್ ಪ್ರಮಾಣ ಇವು ಮೂರೂ ಕೆಲಸಕ್ಕೆ ಬರುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ ಒಂದೇ ದ್ರಾಕ್ಷಿಯ ಹೆಸರು ಹಾಕಿದ್ದರೆ ಕನಿಷ್ಠ 85 ಪ್ರತಿಶತ ಅದೇ ಇರಬೇಕು. ಸ್ಪೇನಿನಲ್ಲಿ ಕ್ರಿಯಾಂಸಾ ಎಂದರೆ ಕೆಂಪು ವೈನಿಗೆ ಒಟ್ಟು 24 ತಿಂಗಳು, ಅದರಲ್ಲಿ ಕನಿಷ್ಠ 6 ತಿಂಗಳು ಪೀಪಾಯಿಯಲ್ಲಿ. ರೆಸೆರ್ವಾ ಎಂದರೆ 36 ತಿಂಗಳು, ಪೀಪಾಯಿಯಲ್ಲಿ 12. ಇದು ಕಾನೂನಿನ ಮಾತು. ಆದರೆ ಇದೇ ‘ರಿಸರ್ವ್’ ಪದ ಬೇರೆ ಎಷ್ಟೋ ದೇಶಗಳ ಬಾಟಲಿಯ ಮೇಲೆ ಬರೀ ಅಲಂಕಾರ. ‘ಹಳೆಯ ಬಳ್ಳಿ’ ಎಂಬುದೂ ಬಹುತೇಕ ಕಡೆ ಹಾಗೆಯೇ, ಎಷ್ಟು ವರ್ಷಕ್ಕೆ ಹಳತು ಎಂದು ಹೇಳುವ ನಿಯಮ ಇಲ್ಲ.

ಆಲ್ಕೋಹಾಲ್ ಸಂಖ್ಯೆಯಿಂದ ವೈನಿನ ಮೈಕಟ್ಟು, ಅಂದರೆ ಬಾಯಲ್ಲಿ ಅದು ತೆಳುವೋ ಮಂದವೋ ಎಂಬುದನ್ನು, ಅಂದಾಜು ಮಾಡಬಹುದು. 12.5 ಎಂದಿದ್ದರೆ ಹಗುರ, ಹುಳಿ ಮುಂದೆ. 14.5 ಎಂದಿದ್ದರೆ ಮಾಗಿದ ಹಣ್ಣು, ಗಂಟಲಲ್ಲಿ ಬಿಸಿ. ಬಾಟಲಿಯ ತೂಕ, ತಳದ ಗುಳಿಯ ಆಳ, ಚಿನ್ನದ ಬಣ್ಣದ ಪದಕದ ಚಿತ್ರ ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಸ್ಕ್ರೂ ಕ್ಯಾಪ್ ಕಂಡು ಮೂಗು ಮುರಿಯುವವರು ಇನ್ನೂ ಇದ್ದಾರೆ. ಬೇಗ ಕುಡಿಯುವ ವೈನಿಗೆ ಅಗ್ಗದ ಕಾರ್ಕಿಗಿಂತ ಅದೇ ಮೇಲು.

ಒಂದು ಕೂಟಕ್ಕೆ ಎಷ್ಟು ಬಾಟಲಿ, ಎಷ್ಟು ಜನ?

ಆರು ವೈನ್, ಎಂಟರಿಂದ ಹತ್ತು ಜನ. ಪ್ರತಿಯೊಬ್ಬರಿಗೂ ಪ್ರತಿ ವೈನಿನಿಂದ 50 ಮಿಲಿ. 750 ಮಿಲಿ ಬಾಟಲಿಯಿಂದ ಲೆಕ್ಕಕ್ಕೆ 15 ಪಾಲು ಬಂದರೂ ಚೆಲ್ಲಿದ್ದು, ತಳದ ಗಸಿ ಎಲ್ಲ ಕಳೆದರೆ 13 ಸಿಗುತ್ತದೆ. ಹತ್ತು ಜನರಿದ್ದರೆ ಕೊನೆಗೆ ಮತ್ತೊಮ್ಮೆ ನೋಡಲು ಸ್ವಲ್ಪ ಉಳಿಯಬೇಕು. ಮರಳಿ ನೋಡಲು ವೈನ್ ಉಳಿಯದ ಕೂಟದಲ್ಲಿ ಚರ್ಚೆ ನಡೆಯುವುದಿಲ್ಲ, ನೆನಪುಗಳ ಜಗಳ ನಡೆಯುತ್ತದೆ.

ಆರಕ್ಕಿಂತ ಹೆಚ್ಚಿಗೆ ಇಟ್ಟರೆ ಏನು ಕೆಡುತ್ತದೆ? ಒಗರು ನಾಲಿಗೆಯ ಮೇಲೆ ಪದರ ಪದರವಾಗಿ ಕೂರುತ್ತದೆ. ಏಳನೆಯದರ ಹೊತ್ತಿಗೆ ಎಲ್ಲವೂ ಒರಟಾಗಿ ಕಾಣುತ್ತವೆ, ಪಾಪ ಆ ಏಳನೆಯ ವೈನಿನ ತಪ್ಪೇನೂ ಇರುವುದಿಲ್ಲ.

ಆಯ್ಕೆಗೆ ಒಂದು ಎಳೆ ಇರಲಿ. ಒಂದೇ ದ್ರಾಕ್ಷಿ, ಮೂರು ಸೀಮೆ ಎಂಬುದು ಎಲ್ಲಕ್ಕಿಂತ ಹೆಚ್ಚು ಕಲಿಸುತ್ತದೆ. ಕಲಾತಾಯುದ್, ಸಾರ್ಡಿನಿಯ, ಫ್ರಾನ್ಸಿನ ರೂಸಿಯೊಂಗಳ ಗಾರ್ನಾಚಾ ಅಕ್ಕಪಕ್ಕ ಇಡಿ. ಅಥವಾ ಬಿಯೆರ್ಸೊದ ಮೆನ್ಸಿಯಾ ಎದುರು ಡಾವ್‌ನ ಜಾಯೆಂ ಇಡಿ. ಮಾದಿರಾಂ ಎದುರು ಉರುಗ್ವೆಯ ತನ್ನಾ ಕೂಡ ಒಳ್ಳೆಯ ಜೋಡಿ. ಕೈಗೆ ಸಿಕ್ಕ ಆರು ಬಾಟಲಿ ತಂದಿಟ್ಟರೆ ಸಂಜೆ ಚೆನ್ನಾಗಿ ಕಳೆಯುತ್ತದೆ, ಅಷ್ಟೇ.

ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕಲ್ಲವೇ?

ಈ ಮಾತು ಹುಟ್ಟಿದ್ದು ತಣ್ಣನೆಯ ಕಲ್ಲಿನ ಮನೆಗಳ ಕಾಲದಲ್ಲಿ. ಹಗುರ ಕೆಂಪಿಗೆ 12ರಿಂದ 14 ಡಿಗ್ರಿ ಸೆಲ್ಸಿಯಸ್, ದಪ್ಪನೆಯದಕ್ಕೆ 16ರಿಂದ 18. ಅದಕ್ಕಿಂತ ಬೆಚ್ಚಗಾದರೆ ಆಲ್ಕೋಹಾಲಿನ ಘಾಟು ಮೂಗಿಗೆ ಮೊದಲು ಬಂದು ಹಣ್ಣು ಹಿಂದೆ ಸರಿಯುತ್ತದೆ. ತೀರಾ ತಣ್ಣಗಾದರೆ ಪರಿಮಳ ಮುಚ್ಚಿಕೊಂಡು ಒಗರು, ಕಹಿ ಎದ್ದು ಕಾಣುತ್ತವೆ. ಅಗ್ಗದ ವೈನ್ ‘ಚೆನ್ನಾಗಿಲ್ಲ’ ಎನ್ನಿಸುವುದಕ್ಕೆ ನಮ್ಮ ಅನುಭವದಲ್ಲಿ ಮೊದಲ ಕಾರಣ ಉಷ್ಣತೆಯೇ.

25 ಡಿಗ್ರಿಯ ಬಾಟಲಿಯನ್ನು 16ಕ್ಕೆ ಇಳಿಸಲು ಫ್ರಿಜ್ಜಿನಲ್ಲಿ ಸುಮಾರು ಒಂದು ಗಂಟೆ ಬೇಕು. ಅರ್ಧ ಮಂಜುಗಡ್ಡೆ, ಅರ್ಧ ನೀರು ತುಂಬಿದ ಬಕೆಟ್ಟಿನಲ್ಲಿ ಹತ್ತು ನಿಮಿಷದ ಆಸುಪಾಸು. ಬರೀ ಮಂಜುಗಡ್ಡೆ ಹಾಕಿದರೆ ತುಂಡುಗಳ ನಡುವೆ ಗಾಳಿ ಉಳಿದು ನಿಧಾನವಾಗುತ್ತದೆ, ನೀರು ಬೇಕೇ ಬೇಕು. ಬೇಕಾದ್ದಕ್ಕಿಂತ ಎರಡು ಡಿಗ್ರಿ ಕಡಿಮೆಯಲ್ಲೇ ಸುರಿಯಿರಿ, ಗ್ಲಾಸಿನಲ್ಲಿ ತಾನೇ ಏರುತ್ತದೆ.

ಯಾವ ಗ್ಲಾಸು?

ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ, ಬಣ್ಣವಿಲ್ಲದ ಯಾವುದಾದರೂ ಸರಿ. ಎಲ್ಲರಿಗೂ, ಎಲ್ಲ ವೈನಿಗೂ ಒಂದೇ ಬಗೆಯದಿರಬೇಕು ಎಂಬುದು ಮುಖ್ಯ. ಸೋಪಿನ ವಾಸನೆ, ಕಪಾಟಿನ ಮರದ ವಾಸನೆ ಗ್ಲಾಸಿನಲ್ಲಿ ಉಳಿದಿರುತ್ತದೆ. ಸುರಿಯುವ ಮೊದಲು ಖಾಲಿ ಗ್ಲಾಸನ್ನೇ ಒಮ್ಮೆ ಮೂಸಿ ನೋಡಿ. ಅನುಮಾನವಿದ್ದರೆ ಸ್ವಲ್ಪ ವೈನ್ ಹಾಕಿ ತೊಳೆದು ಚೆಲ್ಲಿ.

ಕಾರ್ಕು ತೆಗೆದು ಒಂದು ಗಂಟೆ ಬಿಟ್ಟರೆ ಸಾಕೇ?

ಸಾಲದು. ಬಾಟಲಿಯ ಕುತ್ತಿಗೆಯಲ್ಲಿ ಗಾಳಿಗೆ ತೆರೆದಿರುವುದು ಒಂದು ನಾಣ್ಯದಷ್ಟು ಅಗಲ. ಗಾಳಿ ಬೇಕಿದ್ದರೆ ಅಗಲ ಜಗ್ಗಿಗೆ ಸುರಿಯಬೇಕು, ವೈನಿಗೆಂದೇ ಮಾಡಿದ ಗಾಜಿನ ಹೂಜಿ, ಡಿಕ್ಯಾಂಟರೇ ಆಗಬೇಕೆಂದಿಲ್ಲ. ಎಳೆಯ ತನ್ನಾ, ಬಾಗಾ, ಸಪೆರಾವಿಗೆ ಒಂದು ಗಂಟೆ ಕೊಡಿ. ಹಗುರ ಮೆನ್ಸಿಯಾ, ಫ್ರಪ್ಪಾಟೊಗೆ ಬೇಡವೇ ಬೇಡ, ಅವುಗಳ ಸೊಗಸು ಇರುವುದೇ ತೆರೆದ ಕ್ಷಣದ ಪರಿಮಳದಲ್ಲಿ.

ರುಚಿ ನೋಡುವ ಕ್ರಮ ಏನು?

ಬಣ್ಣಕ್ಕೆ ಹತ್ತು ಸೆಕೆಂಡು ಸಾಕು. ಬಿಳಿ ಹಾಳೆಯ ಮೇಲೆ ಗ್ಲಾಸು ಓರೆ ಮಾಡಿ ಅಂಚು ನೋಡಿ. ನೇರಳೆ ಬಣ್ಣವಿದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ ಅಥವಾ ಗಾಳಿ ಹೊಕ್ಕಿದೆ.

ಮೂಗಿಗೆ ಎರಡು ಸಲ ಹಿಡಿಯಬೇಕು. ಮೊದಲು ಗ್ಲಾಸು ಅಲ್ಲಾಡಿಸದೆ, ಆಮೇಲೆ ಮೇಜಿನ ಮೇಲಿಟ್ಟು ಮೂರು ಸುತ್ತು ತಿರುಗಿಸಿ. ದೋಷದ ವಾಸನೆ ಮೊದಲ ಸಲವೇ ಗೊತ್ತಾಗುತ್ತದೆ. ಚಿಕ್ಕದಾಗಿ ಮೂರು ಬಾರಿ ಮೂಸಿ ನಿಲ್ಲಿಸಿ. ಉದ್ದಕ್ಕೆ ಎಳೆಯುತ್ತಾ ಕೂತರೆ ಮೂಗು ಆ ವಾಸನೆಗೆ ಹೊಂದಿಕೊಂಡು ಕುರುಡಾಗುತ್ತದೆ.

ಬಾಯಿಗೆ ಒಂದು ದೊಡ್ಡ ಚಮಚದಷ್ಟು, 10ರಿಂದ 15 ಮಿಲಿ. ಹತ್ತು ಸೆಕೆಂಡು ಇಟ್ಟುಕೊಂಡು ಎಲ್ಲ ಕಡೆ ಆಡಿಸಿ. ಆಮೇಲೆ ಹೀಗೆ ಕೇಳಿಕೊಳ್ಳಿ: ಕೆನ್ನೆಯ ಒಳಗೆ ನೀರೂರಿತೇ, ಎಷ್ಟು ಹೊತ್ತು? ಅದು ಹುಳಿ. ಒಸಡು ಮತ್ತು ಮೇಲ್ದುಟಿ ಒಣಗಿ ಒರಟಾಯಿತೇ? ಅದು ಒಗರು. ನುಂಗಿದ ಮೇಲೆ ಗಂಟಲಲ್ಲಿ ಬಿಸಿ ಇಳಿಯಿತೇ? ಅದು ಆಲ್ಕೋಹಾಲ್. ನೀರಿನಷ್ಟು ತೆಳುವೋ, ಹಾಲಿನಷ್ಟು ಮಂದವೋ? ಅದು ಮೈಕಟ್ಟು. ಉಗುಳಿದ ಮೇಲೆ ರುಚಿ ಎಷ್ಟು ಸೆಕೆಂಡು ಉಳಿಯಿತು ಎಂದು ಎಣಿಸಿ.

ಹಣ್ಣು, ಹೂವು, ಮಸಾಲೆ ಎಂಬ ಪರಿಮಳದ ಪಟ್ಟಿ ಇವೆಲ್ಲ ಆದ ಮೇಲೆ. ಬಹುಪಾಲು ಜನ ತಿರುಗುಮುರುಗು ಮಾಡುತ್ತಾರೆ. ಚೆರ್ರಿಯೋ ಪ್ಲಮ್ಮೋ ಎಂದು ಹುಡುಕುತ್ತಾ ವೈನ್ ಹುಳಿ ಇತ್ತೋ ಇಲ್ಲವೋ ಎಂಬುದನ್ನೇ ಮರೆಯುತ್ತಾರೆ. ಹೆಸರಾಗದ ಸೀಮೆಯ ವೈನಿನಲ್ಲಿ ಇದು ಇನ್ನೂ ದೊಡ್ಡ ತಪ್ಪು. ಹುಳಿ, ಒಗರು, ಬಿಸಿ, ಮೈಕಟ್ಟು ಈ ನಾಲ್ಕು ಎಷ್ಟೆಷ್ಟು ಎಂಬುದರಲ್ಲೇ ಆ ದ್ರಾಕ್ಷಿಯ ಗುರುತು ಇರುತ್ತದೆ. ಕ್ಸಿನೊಮಾವ್ರೊವನ್ನು ಬೋರ್ಡೊದ ಅಳತೆಗೋಲಿನಿಂದ ಅಳೆದರೆ ‘ಬಣ್ಣ ಸಾಲದು, ಹುಳಿ ಜಾಸ್ತಿ’ ಎಂದು ಬರುತ್ತದೆ. ಅದು ದೋಷವಲ್ಲ, ಅದರ ಜಾತಿ.

ಒಗರು ಯಾವುದು, ಕಹಿ ಯಾವುದು? ಎರಡೂ ಒಂದೇ ಅನ್ನಿಸುತ್ತದೆ.

ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇರುವುದು ನಮ್ಮ ಪುಣ್ಯ, ಬಳಸಿಕೊಳ್ಳಿ. ಕಹಿ ಒಂದು ರುಚಿ, ನಾಲಿಗೆಗೆ ತಿಳಿಯುತ್ತದೆ. ಒಗರು ರುಚಿಯಲ್ಲ, ಸ್ಪರ್ಶ. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುವ ಗುಣವನ್ನು ಕಿತ್ತುಕೊಳ್ಳುತ್ತದೆ. ಬಾಳೆಕಾಯಿ ಕಚ್ಚಿದಾಗ ಬಾಯಿ ಹಿಡಿದಂತಾಗುವುದೂ ಇದರಿಂದಲೇ.

ಖಚಿತವಾಗಿ ಕಲಿಯಲು ಒಂದು ಬಾಟಲಿ ಸಾಧಾರಣ ಕೆಂಪು ವೈನ್ ಸಾಕು. ನಾಲ್ಕು ಗ್ಲಾಸಿಗೆ 50 ಮಿಲಿಯಂತೆ ಸುರಿಯಿರಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಅರ್ಧ ಟೀ ಚಮಚ ನಿಂಬೆರಸ. ಮೂರನೆಯದಕ್ಕೆ ಅರ್ಧ ಟೀ ಚಮಚ ಸಕ್ಕರೆ, ಪೂರ್ತಿ ಕರಗಬೇಕು. ನಾಲ್ಕನೆಯದಕ್ಕೆ ಹಾಲಿಲ್ಲದ ಕಡು ಚಹಾ ಎರಡು ಟೀ ಚಮಚ. ಚಹಾವನ್ನು 100 ಮಿಲಿ ಬಿಸಿನೀರಿಗೆ ಎರಡು ಚೀಲ ಹಾಕಿ ಹದಿನೈದು ನಿಮಿಷ ಬಿಟ್ಟು ಆರಿಸಿರಬೇಕು. ಈಗ ಮೊದಲನೆಯದರಿಂದ ಶುರು ಮಾಡಿ ಒಂದೊಂದನ್ನೂ ಅದಕ್ಕೆ ಹೋಲಿಸಿ. ಎರಡನೆಯದರಲ್ಲಿ ನೀರೂರುವುದು, ನಾಲ್ಕನೆಯದರಲ್ಲಿ ಒಸಡು ಒಣಗುವುದು ಸ್ಪಷ್ಟವಾಗಿ ಬೇರೆ ಬೇರೆ. ಮೂರನೆಯದರಲ್ಲಿ ಹುಳಿ, ಒಗರು ಎರಡೂ ತಗ್ಗಿದಂತೆ ಕಾಣುತ್ತದೆ. ಅವು ಎಲ್ಲೂ ಹೋಗಿಲ್ಲ, ಸಕ್ಕರೆ ಮುಚ್ಚಿದೆ. ಅಗ್ಗದ ಜನಪ್ರಿಯ ವೈನ್‌ಗಳಲ್ಲಿ ಸ್ವಲ್ಪ ಸಿಹಿ ಉಳಿಸಿರುವುದರ ಗುಟ್ಟು ಇದೇ. ಒಮ್ಮೆ ಈ ಅಭ್ಯಾಸ ಮಾಡಿದವರಿಗೆ ಆ ಕೈಚಳಕ ಮತ್ತೆ ಕಾಣದೆ ಹೋಗುವುದಿಲ್ಲ.

ನನಗೆ ‘ಕೆಂಪು ವೈನ್ ವಾಸನೆ’ ಬಿಟ್ಟು ಬೇರೇನೂ ಸಿಗುವುದಿಲ್ಲ. ಮೂಗಿನ ದೋಷವೇ?

ಬಹುತೇಕ ಅಭ್ಯಾಸದ ಕೊರತೆ. ಒಂದೇ ವೈನ್ ಹಿಡಿದು ಕೂತರೆ ಯಾರಿಗೂ ಹೆಚ್ಚು ಸಿಗುವುದಿಲ್ಲ. ಎರಡು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನಾಗಿ ಎದ್ದು ಬರುತ್ತದೆ. ‘ಇದರಲ್ಲಿ ಏನಿದೆ’ ಎಂದು ಕೇಳುವ ಬದಲು ‘ಇದರಲ್ಲಿದ್ದು ಅದರಲ್ಲಿ ಇಲ್ಲದ್ದು ಏನು’ ಎಂದು ಕೇಳಿ. ಪರಿಮಳವನ್ನು ದೊಡ್ಡ ಗುಂಪಿನಿಂದ ಚಿಕ್ಕದಕ್ಕೆ ಇಳಿಸುತ್ತಾ ಬನ್ನಿ: ಹಣ್ಣೋ, ಮಣ್ಣೋ, ಮಸಾಲೆಯೋ? ಹಣ್ಣಾದರೆ ಕೆಂಪೋ ಕಪ್ಪೋ? ತಾಜಾನೋ, ಒಣಗಿದ್ದೋ, ಬೇಯಿಸಿದ್ದೋ? ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಆನ್ ನೋಬಲ್ 1980ರ ದಶಕದಲ್ಲಿ ರೂಪಿಸಿದ ಪರಿಮಳ ಚಕ್ರ ನಡೆಯುವುದೂ ಇದೇ ಕ್ರಮದಲ್ಲಿ.

ಕೆಲವು ವಾಸನೆ ಕೆಲವರಿಗೆ ನಿಜಕ್ಕೂ ತಿಳಿಯುವುದಿಲ್ಲ. ಸಿರಾ ವೈನಿನ ಕಾಳುಮೆಣಸಿನ ಪರಿಮಳಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು. ಅದನ್ನು ಪತ್ತೆ ಮಾಡಿದ ಆಸ್ಟ್ರೇಲಿಯದ ಸಂಶೋಧಕರೇ ಸುಮಾರು ಐದರಲ್ಲಿ ಒಬ್ಬರಿಗೆ ಅದು ಗೊತ್ತಾಗುವುದಿಲ್ಲ ಎಂದು ಕಂಡುಕೊಂಡರು. ಹಾಗಾಗಿ ಪಕ್ಕದವರು ಮೆಣಸು ಎಂದಾಗ ನಿಮಗೆ ಸಿಗದಿದ್ದರೆ ಇಬ್ಬರೂ ಸರಿಯೇ ಇರಬಹುದು.

ಬಾಟಲಿ ಮುಚ್ಚಿಟ್ಟು ರುಚಿ ನೋಡುವುದು ಅಗತ್ಯವೇ?

ಅಗ್ಗದ ವೈನಿಗೆ ಅಗತ್ಯವೇ. ಬೆಲೆ ಕಂಡೊಡನೆ ನಾಲಿಗೆ ಪಕ್ಷ ಕಟ್ಟುತ್ತದೆ. ಬಣ್ಣಕ್ಕೂ ಅಷ್ಟೇ ಬಲ ಇದೆ. ಬೋರ್ಡೊದ 54 ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ಅವರು ಅದರ ಪರಿಮಳವನ್ನು ಕೆಂಪು ವೈನಿನ ಪದಗಳಲ್ಲೇ ವರ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗ ಅದು.

ಮಾಡುವ ಬಗೆ ಸುಲಭ. ಕಾರ್ಕಿನ ಮೇಲಿನ ಹೊದಿಕೆ ಪೂರ್ತಿ ಕಿತ್ತುಹಾಕಿ, ಬಾಟಲಿಯನ್ನು ಕಾಗದದ ಚೀಲದಲ್ಲಿಟ್ಟು ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ. ಚೀಲಕ್ಕೆ ಹಾಕಿದವರು ಒಬ್ಬರು, ಮೇಲೆ ಸಂಖ್ಯೆ ಬರೆದವರು ಇನ್ನೊಬ್ಬರು ಆದರೆ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಬಾಟಲಿಯ ಆಕಾರ ಚೀಲದಲ್ಲೂ ಕಾಣುವುದರಿಂದ ಬಿಗಿ ಚೀಲ ಬೇಡ.

ಎರಡು ವೈನ್ ನಿಜಕ್ಕೂ ಬೇರೆ ಎಂದು ಗೊತ್ತಾಗುತ್ತದೆಯೇ ಎಂಬ ಪಂದ್ಯ ಎದ್ದರೆ ತ್ರಿಕೋನ ಪರೀಕ್ಷೆ ಇಡಿ. ಮೂರು ಗ್ಲಾಸು, ಎರಡರಲ್ಲಿ ಒಂದೇ ವೈನ್, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಹೇಳಬೇಕು. ಕಣ್ಣುಮುಚ್ಚಿ ಹೇಳಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಆರು ಜನರಲ್ಲಿ ನಾಲ್ವರು ಸರಿ ಹೇಳುವುದು ಅದೃಷ್ಟದಿಂದಲೂ ಹತ್ತರಲ್ಲಿ ಒಂದು ಸಲ ಆಗುತ್ತದೆ. ಐವರು ಹೇಳಿದರೆ ಮಾತ್ರ ನಂಬಿ.

ಚರ್ಚೆ ಎಂದರೆ ಒಬ್ಬರೇ ಮಾತಾಡಿ ಉಳಿದವರು ತಲೆಯಾಡಿಸುವುದಾಗುತ್ತದೆ. ಏನು ಮಾಡಬೇಕು?

ಮೊದಲ ಐದು ನಿಮಿಷ ಯಾರೂ ಬಾಯಿ ಬಿಡಬಾರದು, ಮುಖದಲ್ಲೂ ತೋರಿಸಬಾರದು. ಎಲ್ಲರೂ ಬರೆಯಬೇಕು. ಒಬ್ಬರು ‘ವೆನಿಲ್ಲಾ’ ಎಂದ ಕ್ಷಣ ಉಳಿದ ಏಳು ಮೂಗಿಗೂ ವೆನಿಲ್ಲಾ ಬಂದುಬಿಡುತ್ತದೆ. ಬರೆದಾದ ಮೇಲೆ ಹೊಸಬರಿಂದ ಓದಿಸುತ್ತಾ ಬನ್ನಿ, ಹೆಚ್ಚು ತಿಳಿದವರು ಕೊನೆಗೆ.

ಮಾತು ಹೋಲಿಕೆಯಲ್ಲಿರಲಿ. ‘ಚೆನ್ನಾಗಿದೆ’ ಎಂದರೆ ಮುಂದೆ ಮಾತಿಲ್ಲ. ‘ಎರಡನೆಯದಕ್ಕಿಂತ ಹುಳಿ ಹೆಚ್ಚು, ಆದರೆ ಬೇಗ ಮುಗಿದುಹೋಗುತ್ತದೆ’ ಎಂದರೆ ಎಲ್ಲರೂ ಗ್ಲಾಸಿಗೆ ಮರಳುತ್ತಾರೆ. ‘ಖನಿಜದ ಗುಣ’, ‘ಸೊಗಸಾದ’, ‘ಸಂಕೀರ್ಣ’ ಎಂಬ ಪದ ಬಳಸಿದವರನ್ನು ‘ಅಂದರೆ ಬಾಯಲ್ಲಿ ಎಲ್ಲಿ?’ ಎಂದು ಕೇಳುವ ಹಕ್ಕು ಎಲ್ಲರಿಗೂ ಇರಲಿ. ಇಷ್ಟವಾಯಿತೇ ಎಂಬುದೂ ಚೆನ್ನಾಗಿ ಮಾಡಿದ್ದಾರೆಯೇ ಎಂಬುದೂ ಎರಡು ಪ್ರಶ್ನೆ. ಬಾಗಾ ನಿಮಗೆ ಇಷ್ಟವಾಗದೆ ಇರಬಹುದು, ಆದರೂ ಅದು ಒಳ್ಳೆಯ ಬಾಗಾ ಆಗಿರಬಹುದು.

ನೂರಕ್ಕೆ ಎಷ್ಟು ಅಂಕ ಕೊಡಬೇಕು?

ಕೊಡಬೇಡಿ. 87ಕ್ಕೂ 88ಕ್ಕೂ ವ್ಯತ್ಯಾಸವನ್ನು ನಾಳೆ ಅದೇ ವೈನಿಗೆ ಮತ್ತೆ ಹೇಳಲು ನಿಮ್ಮಿಂದಾಗದು, ನಮ್ಮಿಂದಲೂ ಆಗದು. ಆರು ವೈನನ್ನು ಇಷ್ಟದ ಕ್ರಮದಲ್ಲಿ ಜೋಡಿಸಿ, ಎಲ್ಲರ ಕ್ರಮಸಂಖ್ಯೆ ಕೂಡಿಸಿ. ಕಡಿಮೆ ಮೊತ್ತ ಬಂದದ್ದು ಗೆದ್ದಿತು. ಗೆದ್ದ ವೈನಿಗಿಂತ, ಅರ್ಧ ಜನ ಮೊದಲಿಟ್ಟು ಉಳಿದರ್ಧ ಕೊನೆಗಿಟ್ಟ ವೈನಿನ ಬಗ್ಗೆ ಮಾತಾಡಿದರೆ ಹೆಚ್ಚು ತಿಳಿಯುತ್ತದೆ.

ವಾಸನೆ ವಿಚಿತ್ರವಾಗಿದೆ. ಕೆಟ್ಟಿದೆಯೋ, ಗುಣವೇ ಹಾಗೋ?

ಒದ್ದೆ ರಟ್ಟು, ಮುಗ್ಗಲು ಬಟ್ಟೆಯ ವಾಸನೆ, ಜೊತೆಗೆ ಹಣ್ಣೇ ಇಲ್ಲದಂತಿದ್ದರೆ ಕಾರ್ಕಿನ ದೋಷ. ಕಾರಣ ಟಿಸಿಎ ಎಂಬ ವಸ್ತು, ಲೀಟರಿಗೆ ಕೆಲವೇ ನ್ಯಾನೋಗ್ರಾಂ ಸಾಕು. ಗಾಳಿ ಬಿಟ್ಟಷ್ಟೂ ಹೆಚ್ಚು ಎದ್ದು ಕಾಣುತ್ತದೆ, ವಾಸಿಯಾಗುವುದಿಲ್ಲ. ಬಾಟಲಿ ಹಿಂದಿರುಗಿಸಿ. ಈ ದೋಷ ತೀರಾ ಮೆಲುವಾಗಿದ್ದಾಗಲೇ ಹೆಚ್ಚು ಅನ್ಯಾಯ. ಮುಗ್ಗಲು ತಿಳಿಯುವುದಿಲ್ಲ, ಬರೀ ಹಣ್ಣು ಸತ್ತಿರುತ್ತದೆ, ಜನ ಸೀಮೆಯನ್ನೇ ಬೈಯುತ್ತಾರೆ. ಹೊಸ ಸೀಮೆಯ ಮೊದಲ ಬಾಟಲಿ ಸಪ್ಪೆ ಎನ್ನಿಸಿದರೆ ಇನ್ನೊಂದು ತೆರೆಯದೆ ತೀರ್ಮಾನಿಸಬೇಡಿ.

ಕೊಳೆತ ಮೊಟ್ಟೆ, ಗೀರಿದ ಬೆಂಕಿಕಡ್ಡಿಯ ವಾಸನೆ ಗಂಧಕದ ಸಂಯುಕ್ತಗಳದ್ದು. ಗಾಳಿ ಹೊಗದಂತೆ ಮಾಡಿದ, ಸ್ಕ್ರೂ ಕ್ಯಾಪ್ ಹಾಕಿದ ಎಳೆಯ ವೈನಿನಲ್ಲಿ ಸಾಮಾನ್ಯ. ಜಗ್ಗಿಗೆ ಎರಡು ಮೂರು ಸಲ ಎತ್ತರದಿಂದ ಸುರಿದು ಇಪ್ಪತ್ತು ನಿಮಿಷ ಬಿಟ್ಟರೆ ಬಹುಪಾಲು ಹೋಗುತ್ತದೆ. ಬೇಯಿಸಿದ ಎಲೆಕೋಸು, ರಬ್ಬರ್ ಹಂತಕ್ಕೆ ಮುಟ್ಟಿದ್ದರೆ ಹೋಗುವುದು ಕಷ್ಟ.

ಕುದುರೆ ಲಾಯ, ಗಾಯಕ್ಕೆ ಹಚ್ಚುವ ಪಟ್ಟಿಯ ವಾಸನೆ ಬ್ರೆಟನೊಮೈಸಿಸ್ ಎಂಬ ಯೀಸ್ಟಿನದು. ಸ್ವಲ್ಪ ಇದ್ದರೆ ಕೆಲವರಿಗೆ ಇಷ್ಟ, ಇದರ ಮೇಲೆ ಜಗಳ ಮುಗಿದದ್ದಿಲ್ಲ. ನಮ್ಮ ಮಟ್ಟಿಗೆ ಹಣ್ಣು ಮುಚ್ಚಿಹೋಗಿದ್ದರೆ ಅದು ದೋಷ. ಉಗುರು ಬಣ್ಣ ತೆಗೆಯುವ ದ್ರವದ ಘಾಟು, ವಿನೆಗರ್ ಎದ್ದು ಬಂದರೆ ಆವಿಯಾಗುವ ಆಮ್ಲ ಹೆಚ್ಚಾಗಿದೆ. ಕತ್ತರಿಸಿಟ್ಟು ಕಪ್ಪಾದ ಸೇಬಿನ ವಾಸನೆ, ಕಂದು ಬಣ್ಣ ಗಾಳಿ ಹೊಕ್ಕಿದ್ದರ ಗುರುತು. ಕಾರ್ಕು ಮೇಲಕ್ಕೆ ಉಬ್ಬಿ ಬಂದು ವೈನ್ ಬೇಯಿಸಿದ ಜಾಮಿನಂತಿದ್ದರೆ ದಾರಿಯಲ್ಲೋ ಗೋದಾಮಿನಲ್ಲೋ ಬಿಸಿಗೆ ಸಿಕ್ಕಿದೆ, ಮಾಡಿದವರ ತಪ್ಪಲ್ಲ.

ಹಸಿ ದೊಡ್ಡಮೆಣಸಿನಕಾಯಿಯ ವಾಸನೆ ಮಾತ್ರ ಕೆಡುಕಲ್ಲ. ಅದು ಕಾರ್ಮೆನೇರ್, ಕಾಬೆರ್ನೆ ಫ್ರಾಂಕ್ ಮನೆತನದ ಗುರುತು, ಹಣ್ಣು ಮಾಗದಿದ್ದಾಗ ಜೋರಾಗುತ್ತದೆ. ತಳದಲ್ಲಿ ಗಾಜಿನ ಚೂರಿನಂತೆ ಹೊಳೆಯುವ ಹರಳು ಟಾರ್ಟಾರಿಕ್ ಆಮ್ಲದ ಲವಣ, ಏನೂ ಅಪಾಯವಿಲ್ಲ.

ಉಗುಳಲೇಬೇಕೇ? ಅಸಹ್ಯವಲ್ಲವೇ?

50 ಮಿಲಿಯಂತೆ 13.5 ಪ್ರತಿಶತದ ಆರು ವೈನ್ ಪೂರ್ತಿ ಕುಡಿದರೆ ಸುಮಾರು 32 ಗ್ರಾಂ ಆಲ್ಕೋಹಾಲ್ ಒಳಗೆ ಹೋಗುತ್ತದೆ. ಐದನೆಯ ವೈನಿನ ಬಗ್ಗೆ ನಿಮ್ಮ ಅಭಿಪ್ರಾಯಕ್ಕೆ ಆಗ ಬೆಲೆ ಇಲ್ಲ, ಗಾಡಿ ಓಡಿಸುವ ಮಾತಂತೂ ಬೇಡ. ಒಬ್ಬೊಬ್ಬರಿಗೂ ಬಣ್ಣದ ಅಗಲ ಲೋಟ ಕೊಡಿ, ಒಳಗಿದ್ದದ್ದು ಹೊರಗೆ ಕಾಣದು. ಎರಡು ವೈನಿನ ನಡುವೆ ನೀರು, ಉಪ್ಪು ಖಾರ ಇಲ್ಲದ ಬ್ರೆಡ್ಡು. ಚೀಸ್ ಕೊಡಬೇಡಿ, ಅದರ ಕೊಬ್ಬು, ಪ್ರೋಟೀನು ಒಗರನ್ನು ತಗ್ಗಿಸಿ ಒರಟು ವೈನಿಗೂ ಒಳ್ಳೆಯ ಹೆಸರು ತರುತ್ತವೆ. ಕೂಟ ಮುಗಿದ ಕೂಡಲೇ ಹಲ್ಲುಜ್ಜಬೇಡಿ. ಹುಳಿಗೆ ಹಲ್ಲಿನ ಹೊರಪದರ ಮೆತ್ತಗಾಗಿರುತ್ತದೆ, ಅರ್ಧ ಗಂಟೆಯಾದರೂ ಬಿಡಿ.

ಅಗ್ಗದ ಕೆಂಪು ವೈನಿನಿಂದ ತಲೆನೋವು ಬರುವುದು ಸಲ್ಫೈಟಿನಿಂದಲೇ?

ಸಲ್ಫೈಟ್ ಎಂದರೆ ವೈನ್ ಕೆಡದಂತೆ ಹಾಕುವ ಗಂಧಕದ ಸಂಯುಕ್ತ. ಆ ಅನುಮಾನಕ್ಕೆ ಲೆಕ್ಕ ಕೂಡುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಸಿಹಿಯಿಲ್ಲದ ಕೆಂಪಿಗೆ ಲೀಟರಿಗೆ 150 ಮಿಲಿಗ್ರಾಂ ಮಿತಿ, ಬಿಳಿಗೆ 200. ಬಿಳಿ ಕುಡಿದು ಏನೂ ಆಗದವರು ಕೆಂಪಿನ ಸಲ್ಫೈಟನ್ನು ದೂರುವುದರಲ್ಲಿ ಅರ್ಥವಿಲ್ಲ. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟಿನಿಂದ ನಿಜಕ್ಕೂ ತೊಂದರೆಯಾಗುತ್ತದೆ. ಅವರು ವೈದ್ಯರನ್ನು ಕೇಳಿಯೇ ಮುಟ್ಟಬೇಕು.

ಉಳಿದದ್ದನ್ನು ಏನು ಮಾಡುವುದು? ಈ ವೈನ್‌ಗಳನ್ನು ವರ್ಷಗಟ್ಟಲೆ ಇಡಬಹುದೇ?

ಎರಡೂ ಪ್ರಶ್ನೆಗೆ ಒಂದೇ ಪ್ರಯೋಗ ಉತ್ತರ ಕೊಡುತ್ತದೆ. ಅರ್ಧ ಬಾಟಲಿ ಉಳಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ, ತೆರೆದ ಕೂಡಲೇ 375 ಮಿಲಿಯ ಶುದ್ಧ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮೇಲೆ ಗಾಳಿ ಇಲ್ಲದಿದ್ದರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಅರ್ಧ ಖಾಲಿ ಬಾಟಲಿಯಲ್ಲೇ ಬಿಟ್ಟರೆ ಎರಡು ದಿನ, ಹಗುರ ವೈನಾದರೆ ಒಂದೇ.

ಇನ್ನು ಪ್ರಯೋಗ. ಅರ್ಧ ಖಾಲಿ ಬಾಟಲಿಯನ್ನು ಬೇಕೆಂದೇ ಹಾಗೇ ಮುಚ್ಚಿಟ್ಟು ಮಾರನೆಯ ದಿನ, ಮೂರನೆಯ ದಿನ ಒಂದೊಂದು ಗುಟುಕು ನೋಡಿ ಬರೆದಿಡಿ. ಮಾರನೆಯ ದಿನವೇ ಹಣ್ಣು ಬಿದ್ದುಹೋಗಿದ್ದರೆ ಆ ವೈನನ್ನು ಕೊಯ್ಲಿನಿಂದ ಎರಡು ಮೂರು ವರ್ಷದೊಳಗೆ ಕುಡಿದುಬಿಡಿ. ಈ ಬೆಲೆಯ ಬಹುಪಾಲು ಬಾಟಲಿಗಳ ಕಥೆ ಅಷ್ಟೇ. ಮೂರನೆಯ ದಿನ ಒಗರು ಮೆತ್ತಗಾಗಿ ಪರಿಮಳ ಮೊದಲಿಗಿಂತ ಬಿಚ್ಚಿಕೊಂಡಿದ್ದರೆ, ಬಾಗಾ, ಕ್ಸಿನೊಮಾವ್ರೊ, ಸಪೆರಾವಿಗಳಲ್ಲಿ ಹೀಗಾಗುವುದುಂಟು, ಅದೇ ವರ್ಷದ ಇನ್ನೂ ಮೂರು ಬಾಟಲಿ ತಂದು ಬೆಳಕಿಲ್ಲದ ತಂಪು ಜಾಗದಲ್ಲಿ ಮಲಗಿಸಿಡಿ. ವರ್ಷಕ್ಕೊಂದು ತೆರೆಯಿರಿ, ಪ್ರತಿ ಸಲವೂ ಹಳೆಯ ಟಿಪ್ಪಣಿ ಓದುವ ಮೊದಲು ಹೊಸದನ್ನು ಬರೆಯಿರಿ.